ನೀರು, ವಿದ್ಯುತ್, ಆಹಾರ: ಒಂದೇ ಲೆಕ್ಕ, ಹಲವು ಭವಿಷ್ಯ

ಪ್ರಶ್ನೆ: ನೀರು, ಇಂಧನ ಮತ್ತು ಆಹಾರದ ಸಮಸ್ಯೆಗಳನ್ನು ಒಟ್ಟಾಗಿ ನಿಭಾಯಿಸಲು ‘ಸನ್ನಿವೇಶ ಯೋಜನೆ’ ನೆರವಾಗುತ್ತದೆ ಎಂದು ಓದಿದೆ. ಬರುವ ವರ್ಷದ ಮಳೆಯನ್ನೇ ಖಚಿತವಾಗಿ ಹೇಳಲಾಗದಿರುವಾಗ, ಇಪ್ಪತ್ತು ವರ್ಷ ಮುಂದಿನ ಊಹೆಗಳಿಂದ ಏನು ಪ್ರಯೋಜನ?

ಉತ್ತರ: ಖಚಿತವಾಗಿ ಹೇಳಲಾಗದು ಎಂಬ ನಿಮ್ಮ ಮಾತನ್ನು ಒಪ್ಪಿಕೊಂಡೇ ಈ ವಿಧಾನ ಹೊರಡುತ್ತದೆ. ಇಂದಿನ ನಿರ್ಧಾರವೊಂದು ಪರಸ್ಪರ ಭಿನ್ನವಾದ, ಆದರೆ ನಂಬಬಹುದಾದ ಹಲವು ಭವಿಷ್ಯಗಳಲ್ಲಿ ಎಷ್ಟರಮಟ್ಟಿಗೆ ತಾಳಿಕೊಳ್ಳುತ್ತದೆ ಎಂಬುದನ್ನು ಅದು ಪರೀಕ್ಷಿಸುತ್ತದೆ. 1970ರ ದಶಕದ ಆರಂಭದಲ್ಲಿ ಶೆಲ್ ತೈಲ ಕಂಪನಿಯ ಯೋಜಕ ಪಿಯರ್ ವಾಕ್ ಮತ್ತು ಸಂಗಡಿಗರು ತೈಲ ಪೂರೈಕೆಗೆ ಧಕ್ಕೆ ಬಂದು ಬೆಲೆ ಏರುವ ಸಾಧ್ಯತೆಯನ್ನು ಮೊದಲೇ ಚಿತ್ರಿಸಿಟ್ಟಿದ್ದರು. 1973ರ ತೈಲ ಬಿಕ್ಕಟ್ಟು ಬಂದಾಗ ಆ ಕಂಪನಿಗೆ ಅದು ತೀರಾ ಅನಿರೀಕ್ಷಿತವಾಗಿರಲಿಲ್ಲ.

ಈ ಮೂರು ಕ್ಷೇತ್ರಗಳಿಗೆ ಇದು ವಿಶೇಷವಾಗಿ ಹೊಂದುತ್ತದೆ. ಜಗತ್ತಿನಲ್ಲಿ ಬಳಕೆಗೆಂದು ತೆಗೆಯುವ ಸಿಹಿನೀರಿನ ಸುಮಾರು ಶೇ 70ರಷ್ಟು ಕೃಷಿಗೆ ಹೋಗುತ್ತದೆ. ಆ ನೀರನ್ನೆತ್ತಲು ವಿದ್ಯುತ್ ಬೇಕು, ಸಾರಜನಕ ಗೊಬ್ಬರದ ತಯಾರಿಕೆಗೆ ನೈಸರ್ಗಿಕ ಅನಿಲ ಬೇಕು, ಜಲವಿದ್ಯುತ್ತಿಗೆ ಮತ್ತೆ ನೀರೇ ಬೇಕು. 2015ರಲ್ಲಿ ಮಳೆ ಕೈಕೊಟ್ಟು ಆಫ್ರಿಕಾದ ಜಾಂಬೆಜಿ ನದಿಯ ಕರಿಬಾ ಜಲಾಶಯದ ನೀರು ಇಳಿದಾಗ, ಜಲವಿದ್ಯುತ್ತನ್ನೇ ಹೆಚ್ಚಾಗಿ ನೆಚ್ಚಿಕೊಂಡಿದ್ದ ಜಾಂಬಿಯಾ ದೀರ್ಘಕಾಲ ವಿದ್ಯುತ್ ಕಡಿತವನ್ನು ಅನುಭವಿಸಬೇಕಾಯಿತು.

ಸೌರ ಪಂಪ್‌ಸೆಟ್‌ಗಳಿಗೆ ಸಹಾಯಧನ ಕೊಡುವ ಯೋಜನೆಯೊಂದನ್ನು ತೆಗೆದುಕೊಳ್ಳಿ. ಮಳೆ ಚೆನ್ನಾಗಿದ್ದು ಡೀಸೆಲ್ ದುಬಾರಿಯಾದ ಸನ್ನಿವೇಶದಲ್ಲಿ ಅದು ರೈತರ ಕೈಹಿಡಿಯುತ್ತದೆ. ಮಳೆ ಕ್ಷೀಣಿಸಿದ ಸನ್ನಿವೇಶದಲ್ಲಾದರೋ, ನೀರೆತ್ತುವ ಖರ್ಚೇ ಇಲ್ಲವಾದ್ದರಿಂದ ಪಂಪು ದಿನವಿಡೀ ಓಡಿ ಅಂತರ್ಜಲ ಪಾತಾಳಕ್ಕಿಳಿಯಬಹುದು. ಎರಡನ್ನೂ ಎದುರಿಗಿಟ್ಟು ನೋಡಿದಾಗ, ಹೆಚ್ಚುವರಿ ವಿದ್ಯುತ್ತನ್ನು ಗ್ರಿಡ್‌ಗೆ ಮಾರುವ ಅವಕಾಶವನ್ನೂ ಕಡಿಮೆ ನೀರು ಬೇಡುವ ಬೆಳೆಗೆ ಖಾತರಿ ಖರೀದಿಯನ್ನೂ ಯೋಜನೆಗೆ ಸೇರಿಸಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ. ಇಂಧನ ಇಲಾಖೆ ಒಂಟಿಯಾಗಿ ಕುಳಿತು ಯೋಚಿಸಿದ್ದರೆ ಈ ಎರಡನೆಯ ಅಂಶ ಅದರ ಕಣ್ಣಿಗೆ ಬೀಳುತ್ತಿತ್ತೇ ಎಂಬುದು ನನಗೆ ಅನುಮಾನ. ನನ್ನ ದೃಷ್ಟಿಯಲ್ಲಿ, ಮೂರು ಇಲಾಖೆಗಳನ್ನೂ ನೀರು ಬಳಸುವ ರೈತರನ್ನೂ ಒಂದೇ ಮೇಜಿಗೆ ತರುವುದೇ ಈ ವಿಧಾನದ ದೊಡ್ಡ ಲಾಭ.

ಸನ್ನಿವೇಶಗಳು ಮೂರು ನಾಲ್ಕಿದ್ದರೆ ಸಾಕು. ‘ಒಳ್ಳೆಯದು, ಕೆಟ್ಟದು, ನಡುವಿನದು’ ಎಂದು ಮಾತ್ರ ವಿಂಗಡಿಸಿದರೆ ಎಲ್ಲರೂ ನಡುವಿನದನ್ನೇ ಆರಿಸಿ ಎದ್ದುಹೋಗುತ್ತಾರೆ. ಆದ್ದರಿಂದ ಮಳೆಯ ಪ್ರಮಾಣ, ಇಂಧನದ ಬೆಲೆಯಂತಹ ನಿಜವಾದ ಅನಿಶ್ಚಿತತೆಗಳ ಮೇಲೆ ಅವುಗಳನ್ನು ಕಟ್ಟಬೇಕು. ಜೊತೆಗೆ, ಯಾವ ಸನ್ನಿವೇಶ ಹತ್ತಿರವಾಗುತ್ತಿದೆ ಎಂದು ತಿಳಿಸುವ ಸೂಚಕಗಳನ್ನೂ, ಉದಾಹರಣೆಗೆ ಬೇಸಿಗೆಯ ಕೊನೆಯಲ್ಲಿ ಕೊಳವೆಬಾವಿಗಳ ನೀರಿನ ಮಟ್ಟವನ್ನು, ಪ್ರತಿವರ್ಷ ಅಳೆದು ಯೋಜನೆಯನ್ನು ತಿದ್ದುತ್ತಿರಬೇಕು.