ಲಿಬ್ರೆಆಫೀಸ್ ರೈಟರ್‌ನ ಹಳೆಯ ಸೆಟ್ಟಿಂಗ್‌ಗಳನ್ನು ಹೊಸ ಕಂಪ್ಯೂಟರ್‌ಗೆ ತರುವುದು ಹೇಗೆ?

ಹಳೆಯ ಕಂಪ್ಯೂಟರ್‌ನಲ್ಲಿದ್ದ ಲಿಬ್ರೆಆಫೀಸಿನ ‘ಯೂಸರ್’ ಫೋಲ್ಡರನ್ನು ಇಡಿಯಾಗಿ ಹೊಸದಕ್ಕೆ ನಕಲಿಸಿದಿರಿ. ಆದರೂ ಕೀಬೋರ್ಡ್ ಶಾರ್ಟ್‌ಕಟ್‌ಗಳು ಬರಲಿಲ್ಲ, ಡಿ ಡ್ರೈವ್‌ನಲ್ಲಿಟ್ಟಿದ್ದ ಡೀಫಾಲ್ಟ್ ಟೆಂಪ್ಲೇಟ್ ತೆರೆಯುತ್ತಿಲ್ಲ, ಬಂದಂತೆ ಕಂಡ ಬದಲಾವಣೆಗಳೂ ಮರುದಿನ ಮಾಯವಾದವು ಎಂದು ಬರೆದಿದ್ದೀರಿ. ಈ ಮೂರಕ್ಕೂ ಮೂಲ ಬಹುಮಟ್ಟಿಗೆ ಒಂದೇ ಕಡತ. ಆ ಫೋಲ್ಡರಿನಲ್ಲಿರುವ, ‘ರಿಜಿಸ್ಟ್ರಿಮಾಡಿಫಿಕೇಶನ್ಸ್’ ಎಂಬ ಹೆಸರೂ ಎಕ್ಸ್‌ಸಿಯು ಎಂಬ ಬಾಲವೂ ಇರುವ ಕಡತ ಅದು.

ಅದನ್ನು ಒಮ್ಮೆ ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ನೋಡಿ. ಎಕ್ಸ್‌ಎಂಎಲ್ ರೂಪದಲ್ಲಿರುವ ಅದರಲ್ಲಿ ‘ಐಟಂ’ ಎಂಬ ಗುರುತಿನಿಂದ ಆರಂಭವಾಗುವ ಸಾಲುಗಳು ಒಂದರ ಕೆಳಗೊಂದು ಇರುತ್ತವೆ. ಮೂಲ ಸ್ಥಿತಿಯಿಂದ ನೀವು ಅಥವಾ ತಂತ್ರಾಂಶ ಬದಲಿಸಿದ್ದು ಮಾತ್ರ ಅಲ್ಲಿ ದಾಖಲಾಗುತ್ತದೆ. ಶಾರ್ಟ್‌ಕಟ್‌ಗಳ ಜೊತೆಗೆ ನಿಮ್ಮ ಹೆಸರು, ಇತ್ತೀಚೆಗೆ ತೆರೆದ ದಾಖಲೆಗಳ ಪಟ್ಟಿ, ಕಿಟಕಿಯ ಅಳತೆ, ಹಳೆಯ ಡ್ರೈವ್‌ಗಳ ಹಾದಿ ಎಲ್ಲವೂ ಅದರಲ್ಲೇ ಬೆರೆತಿರುತ್ತವೆ. ಹೊಸ ಯಂತ್ರದಲ್ಲಿ ಡಿ ಡ್ರೈವೇ ಇಲ್ಲದಿದ್ದರೆ ಟೆಂಪ್ಲೇಟ್ ಎಲ್ಲಿಂದ ಬರಬೇಕು? ಆದ್ದರಿಂದ ಈ ಕಡತವನ್ನು ಇಡಿಯಾಗಿ ಸಾಗಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಬೇಕಾದುದನ್ನು ಬಿಡಿಬಿಡಿಯಾಗಿ ತರುವುದು ಅರ್ಧ ಗಂಟೆಯ ಕೆಲಸವಾದರೂ ಹಳೆಯ ಕಸ ಜೊತೆಯಲ್ಲಿ ಬರುವುದಿಲ್ಲ.

ಬದಲಾವಣೆಗಳು ಮಾಯವಾದದ್ದಕ್ಕೆ ಕಾರಣ, ನಕಲಿಸುವಾಗ ತಂತ್ರಾಂಶ ತೆರೆದೇ ಇದ್ದದ್ದು ಎಂದು ನನ್ನ ಊಹೆ. ಅದು ತನ್ನ ಸ್ಮೃತಿಯಲ್ಲಿರುವ ಸೆಟ್ಟಿಂಗ್‌ಗಳನ್ನು ಮುಚ್ಚುವ ಹೊತ್ತಿಗೆ ಈ ಕಡತಕ್ಕೆ ಬರೆಯುತ್ತದೆ. ನೀವು ತಂದಿಟ್ಟ ಕಡತ ಅಲ್ಲಿಗೆ ಅಳಿಸಿಹೋಯಿತು. ನಾನೂ ಹೀಗೇ ಒಂದು ಸಂಜೆಯ ಕೆಲಸ ಕಳೆದುಕೊಂಡಿದ್ದೇನೆ. ಕಿಟಕಿಗಳನ್ನೆಲ್ಲ ಮುಚ್ಚಿದ್ದೆ, ಆದರೆ ವಿಂಡೋಸ್‌ನ ಕೆಳಮೂಲೆಯಲ್ಲಿ, ತಂತ್ರಾಂಶವನ್ನು ಬೇಗ ತೆರೆಯಲೆಂದು ಹಿನ್ನೆಲೆಯಲ್ಲಿ ಸಿದ್ಧವಿಡುವ ಕ್ವಿಕ್‌ಸ್ಟಾರ್ಟರ್‌ನ ಚಿಹ್ನೆ ಕುಳಿತೇ ಇತ್ತು. ಅದನ್ನೂ ನಿಲ್ಲಿಸಿದ ಮೇಲೆಯೇ ಕಡತಗಳಿಗೆ ಕೈ ಹಾಕಿ. ಹೊಸ ಯಂತ್ರದ ‘ಯೂಸರ್’ ಫೋಲ್ಡರಿಗೆ ಮೊದಲೇ ಒಂದು ಪ್ರತಿ ತೆಗೆದಿಡಿ. ಏನಾದರೂ ಕೆಟ್ಟರೆ ಕೆಟ್ಟ ಫೋಲ್ಡರಿನ ಹೆಸರು ಬದಲಿಸಿದರೆ ಸಾಕು, ಮುಂದಿನ ಸಲ ತೆರೆದಾಗ ತಂತ್ರಾಂಶ ಹೊಸದೊಂದನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ.

‘ಯೂಸರ್’ ಫೋಲ್ಡರಿನ ಹಾದಿಯಲ್ಲಿರುವ 4 ಎಂಬ ಅಂಕಿಯನ್ನು ಕಂಡು ಇದು ಹಳೆಯ ಆವೃತ್ತಿಯದೆಂದು ಭಾವಿಸಬೇಡಿ. 2013ರಲ್ಲಿ ಬಂದ 4.0 ಆವೃತ್ತಿಯ ಹೆಸರು ಅಲ್ಲಿಯೇ ಉಳಿದುಬಿಟ್ಟಿದೆ, 24.2 ಆವೃತ್ತಿಯೂ ಅದೇ ಫೋಲ್ಡರನ್ನು ಬಳಸುತ್ತದೆ. ಲಿನಕ್ಸ್‌ನಲ್ಲಿ ಫ್ಲಾಟ್‌ಪ್ಯಾಕ್ ಮೂಲಕ (ತಂತ್ರಾಂಶವನ್ನು ಪ್ರತ್ಯೇಕ ಕಟ್ಟಾಗಿ ಸ್ಥಾಪಿಸುವ ವಿಧಾನ) ಸ್ಥಾಪಿಸಿದ್ದರೆ ಜಾಗವೇ ಬೇರೆ. ಸಂದೇಹವಿದ್ದರೆ ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋಗಿ ‘ಪಾತ್ಸ್’ ಪುಟವನ್ನು ನೋಡಿ.

ಶಾರ್ಟ್‌ಕಟ್‌ಗಳಿಗೆ ಕಡತ ನಕಲಿಸುವ ಗೊಡವೆಯೇ ಬೇಡ. ಹಳೆಯ ಯಂತ್ರದಲ್ಲಿ ಟೂಲ್ಸ್, ಕಸ್ಟಮೈಸ್, ಕೀಬೋರ್ಡ್ ಎಂಬಲ್ಲಿಗೆ ಹೋಗಿ ‘ಸೇವ್’ ಒತ್ತಿ, ಹೊಸದರಲ್ಲಿ ಅದೇ ಜಾಗದಲ್ಲಿ ‘ಲೋಡ್’ ಒತ್ತಿ. ಮೇಲ್ಗಡೆ ‘ಲಿಬ್ರೆಆಫೀಸ್’ ಮತ್ತು ‘ರೈಟರ್’ ಎಂಬ ಎರಡು ಆಯ್ಕೆಗಳಿರುತ್ತವೆ. ಅವುಗಳಲ್ಲಿ ಯಾವುದನ್ನು ಆರಿಸಿರುವಿರೋ ಅದರ ಶಾರ್ಟ್‌ಕಟ್‌ಗಳು ಮಾತ್ರ ಉಳಿಯುವುದರಿಂದ ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಉಳಿಸಬೇಕು.

ಕಾಗುಣಿತ ಪರೀಕ್ಷೆಗೆ ನೀವು ಸೇರಿಸಿಕೊಂಡ ಪದಗಳ ಪಟ್ಟಿ ‘ಯೂಸರ್’ ಒಳಗಿನ ‘ವರ್ಡ್‌ಬುಕ್’ ಫೋಲ್ಡರಿನಲ್ಲಿದೆ. ಅದು ಬರಿಯ ಟೆಕ್ಸ್ಟ್ ಕಡತ: ಆರಂಭದಲ್ಲಿ ಕಡತದ ಬಗೆ, ಭಾಷೆ, ಪಟ್ಟಿಯ ಬಗೆ ಹೇಳುವ ಸಾಲುಗಳು, ಅನಂತರ ಮೂರು ಅಡ್ಡಗೆರೆಗಳ (---) ಒಂದು ಸಾಲು, ಅದರ ಕೆಳಗೆ ಸಾಲಿಗೊಂದು ಪದ. ಹೊಸ ಯಂತ್ರದಲ್ಲಿಯೂ ‘ಸ್ಟ್ಯಾಂಡರ್ಡ್’ ಹೆಸರಿನ ಪಟ್ಟಿ ಈಗಾಗಲೇ ಬೆಳೆದಿದ್ದರೆ ಅದರ ಮೇಲೆ ಹಳೆಯದನ್ನು ಹೇರದೆ, ಅಡ್ಡಗೆರೆಯ ಕೆಳಗಿನ ಪದಗಳನ್ನಷ್ಟೇ ತಂದು ಸೇರಿಸಿ, ಯುಟಿಎಫ್-8 ಎಂಬ ಅಕ್ಷರಸಂಕೇತದಲ್ಲಿ ಉಳಿಸಿ.

ಟೈಪಿಸಿದ ತಪ್ಪು ಪದವನ್ನು ತಾನಾಗಿ ಸರಿಪದಕ್ಕೆ ಬದಲಿಸುವ ಆಟೋಕರೆಕ್ಟ್ ವಿಷಯದಲ್ಲಿ ಹೆಚ್ಚು ಜನ ಎಡವುತ್ತಾರೆ. ‘ಆಟೋಕಾರ್’ ಫೋಲ್ಡರಿನಲ್ಲಿ ಭಾಷೆಗೊಂದು ಕಡತವಿರುತ್ತದೆ. ಅಮೆರಿಕನ್ ಇಂಗ್ಲಿಷ್‌ಗೆಂದು ಸೇರಿಸಿದ ಪದಜೋಡಿ, ಬ್ರಿಟಿಷ್ ಇಂಗ್ಲಿಷ್ ಎಂದು ಗುರುತಾದ ಬರಹದಲ್ಲಿ ಕೆಲಸ ಮಾಡುವುದಿಲ್ಲ. ಕಡತ ಸರಿಯಾಗಿಯೇ ಬಂದಿದ್ದರೂ ಬಂದಿಲ್ಲವೆಂದು ತೋರುತ್ತದೆ. ಕಿಟಕಿಯ ಕೆಳಪಟ್ಟಿಯಲ್ಲಿ ಕಾಣುವ ಭಾಷೆಯ ಹೆಸರನ್ನು ಮೊದಲು ಪರೀಕ್ಷಿಸಿ. ಎಲ್ಲ ಭಾಷೆಗೂ ಬೇಕಾದ ಜೋಡಿಗಳನ್ನು ‘ಆಲ್’ ಎಂಬ ಪಟ್ಟಿಗೆ ಸೇರಿಸುವುದು ನನ್ನ ರೂಢಿ.

ಸ್ಟೈಲ್‌ಗಳು, ಅಂದರೆ ಹೆಸರಿಟ್ಟು ಉಳಿಸಿದ ಅಕ್ಷರ, ಪ್ಯಾರಾಗಳ ವಿನ್ಯಾಸಗಳು, ಇರುವುದು ದಾಖಲೆಯಲ್ಲಿ ಅಥವಾ ಟೆಂಪ್ಲೇಟ್‌ನಲ್ಲಿಯೇ ಹೊರತು ಆ ಎಕ್ಸ್‌ಸಿಯು ಕಡತದಲ್ಲಲ್ಲ. ಟೆಂಪ್ಲೇಟ್ ಕಡತವನ್ನು ಹೊಸ ಯಂತ್ರಕ್ಕೆ ತಂದು, ಟೆಂಪ್ಲೇಟ್ ನಿರ್ವಹಣೆಯ ಕಿಟಕಿಗೆ ಇಂಪೋರ್ಟ್ ಮಾಡಿ, ಅಲ್ಲಿಯೇ ಬಲ ಕ್ಲಿಕ್ ಮಾಡಿ ಮತ್ತೆ ಡೀಫಾಲ್ಟ್ ಮಾಡಿಕೊಳ್ಳಿ. ಈಗಾಗಲೇ ಬರೆದಿರುವ ದಾಖಲೆಗೆ ಸ್ಟೈಲ್ ತರಬೇಕಾದರೆ ಸ್ಟೈಲ್ಸ್ ಮೆನುವಿನಲ್ಲಿ ಟೆಂಪ್ಲೇಟ್‌ನಿಂದ ಲೋಡ್ ಮಾಡುವ ಆಯ್ಕೆಯಿದೆ. ಅಲ್ಲಿ ‘ಓವರ್‌ರೈಟ್’ ಎಂಬುದಕ್ಕೆ ಗುರುತು ಹಾಕದಿದ್ದರೆ ಅದೇ ಹೆಸರಿನ ಸ್ಟೈಲ್‌ಗಳು ಹಳೆಯ ರೂಪದಲ್ಲೇ ಉಳಿಯುತ್ತವೆ.

ಎಕ್ಸ್‌ಟೆನ್ಶನ್‌ಗಳನ್ನು (ಹೆಚ್ಚುವರಿ ಸೌಲಭ್ಯದ ಸೇರ್ಪಡೆಗಳನ್ನು) ಹೊಸದಾಗಿಯೇ ಸ್ಥಾಪಿಸಿಕೊಳ್ಳಿ. ಮ್ಯಾಕ್ರೊಗಳು, ಅಂದರೆ ಕೆಲಸಗಳನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂಗಳು, ಇದ್ದರೆ ಅವುಗಳ ಕಡತಗಳನ್ನು ನಕಲಿಸುವ ಬದಲು ಮ್ಯಾಕ್ರೊ ಆರ್ಗನೈಸರ್‌ನ ಇಂಪೋರ್ಟ್ ಬಳಸಿ. ಮ್ಯಾಕ್ರೊಗಳ ಪ್ರತಿ ಸಂಗ್ರಹಕ್ಕೂ (ಲೈಬ್ರರಿ) ಅದರೊಳಗಿನ ಭಾಗಗಳಾದ ಮಾಡ್ಯೂಲ್‌ಗಳ ಪಟ್ಟಿಯ ಕಡತ ಬೇರೆ ಇರುವುದರಿಂದ, ಆ ಪಟ್ಟಿಯಲ್ಲಿ ಹೆಸರಿಲ್ಲದ ಮಾಡ್ಯೂಲ್ ಫೋಲ್ಡರಿನಲ್ಲಿದ್ದರೂ ಕಾಣಿಸುವುದಿಲ್ಲ.