ಕೊನೆಯ ಸರದಿಯವರ ಲೆಕ್ಕಾಚಾರ

ಪ್ರಶ್ನೆ: ನಾವು ಹತ್ತು ಮಂದಿ ಗೆಳೆಯರು ಆಡುವ ಫ್ಯಾಂಟಸಿ ಬೇಸ್‌ಬಾಲ್ (ನಿಜವಾದ ಆಟಗಾರರನ್ನು ಆರಿಸಿ ಕಟ್ಟುವ ಕಾಲ್ಪನಿಕ ತಂಡಗಳ) ಲೀಗಿನ ಸ್ನೇಕ್ ಡ್ರಾಫ್ಟ್‌ನಲ್ಲಿ (ಪ್ರತಿ ಸುತ್ತಿಗೂ ಸರದಿ ತಿರುಗುಮುರುಗಾಗುವ ಆಯ್ಕೆಯಲ್ಲಿ) ನನಗೆ ಕೊನೆಯ ಸರದಿ ಬಂದಿದೆ. ಮೊದಲು ಪಿಚರ್‌ನನ್ನೇ (ಚೆಂಡೆಸೆಯುವವನನ್ನೇ) ಆರಿಸಲೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಬೇಡ. ಎರಡನೆಯ ಸುತ್ತು ನಿಮ್ಮಿಂದಲೇ ಹಿಂತಿರುಗುವುದರಿಂದ 10 ಮತ್ತು 11ನೆಯ ಆಯ್ಕೆಗಳು ಒಟ್ಟಿಗೇ ನಿಮಗೆ ದೊರೆಯುತ್ತವೆ. ಆದರೆ ಆಮೇಲೆ 18 ಆಟಗಾರರು ಬೇರೆಯವರ ಪಾಲಾಗುವವರೆಗೆ ಕಾಯಬೇಕಾದ್ದರಿಂದ, 30ನೆಯ ಆಯ್ಕೆಯ ಹೊತ್ತಿಗೆ ಯಾರು ಉಳಿದಾರೆಂಬುದನ್ನು ಈಗಲೇ ಅಂದಾಜಿಸಿಕೊಳ್ಳಿ. ನನ್ನ ಮಟ್ಟಿಗೆ ಮೊದಲಿನ ಎರಡೂ ಬ್ಯಾಟರ್‌ಗಳಿಗೇ ಸಲ್ಲಬೇಕು. ಆರಂಭಿಕ ಪಿಚರ್ ಸಾಮಾನ್ಯವಾಗಿ ಐದಾರು ದಿನಕ್ಕೊಮ್ಮೆ ಮಾತ್ರ ಕಣಕ್ಕಿಳಿಯುತ್ತಾನೆ; ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ (ಹರಿದ ಅಸ್ಥಿರಜ್ಜನ್ನು ಬದಲಿಸುವುದು) ಆಯಿತೆಂದರೆ ಆ ವರ್ಷದ ಆಸೆಯನ್ನೇ ಬಿಡಬೇಕು. 2023ರಲ್ಲಿ ಬೇಸ್‌ಗಳ ಅಳತೆ 15ರಿಂದ 18 ಇಂಚಿಗೇರಿದ ಮೇಲೆ ಬೇಸ್ ಕದಿಯುವುದು (ಚೆಂಡನ್ನು ಹೊಡೆಯುವ ಮುನ್ನವೇ ಓಟಗಾರ ಮುಂದಿನ ಬೇಸಿಗೆ ಓಡಿ ತಲುಪುವುದು) ಹೆಚ್ಚಿದೆಯಾದ್ದರಿಂದ, ಕೇವಲ ಓಟದ ವೇಗಕ್ಕೆ ಮರುಳಾಗಿ ದುರ್ಬಲ ಬ್ಯಾಟರ್‌ನನ್ನು ಆರಿಸುವ ಅಗತ್ಯವೂ ಇಲ್ಲ. ಹಾಗೆಯೇ, ನಮ್ಮೂರಿನ ಕರೆಂಟನ್ನು ನಂಬದೆ ಹೆಸರುಗಳನ್ನು ಮೊದಲೇ ಆ್ಯಪ್‌ನಲ್ಲಿ ಸಾಲಾಗಿ ತುಂಬಿಸಿಡಿ.