ನಿಂತ ಹಳೆ ಕ್ವಾರ್ಟ್ಜ್ ವಾಚ್ ತೆಗೆದುಕೊಳ್ಳಬಹುದಾ?

ಓಡದೆ ನಿಂತಿರುವ ಸೀಕೋ 7ಎ28 (ಸೆಲ್‌ನಿಂದ ಓಡುವ ಕ್ವಾರ್ಟ್ಜ್ ವಾಚ್) ಸಿಗುತ್ತಿದೆ, ತೆಗೆದುಕೊಳ್ಳಲಾ ಅಂತ ಕೇಳಿದ್ದೀರಿ. ಮೇಲೆ ಇಬ್ಬರು 'ಸಂಗ್ರಹಕ್ಕೆ ಕೀ ಕೊಡುವ ವಾಚೇ ಸರಿ, ಸೆಲ್ ವಾಚ್ ಬೇಡ' ಅಂದಿದ್ದಾರೆ. ನಾನು ಒಪ್ಪುವುದಿಲ್ಲ. ಅದರಲ್ಲೂ 7ಎ28 ವಿಷಯದಲ್ಲಿ ಖಂಡಿತ ಇಲ್ಲ.

ಮುಳ್ಳಿರುವ ಕ್ವಾರ್ಟ್ಜ್ ಕ್ರೋನೋಗ್ರಾಫ್‌ಗಳಲ್ಲಿ, ಅಂದರೆ ಸ್ಟಾಪ್‌ವಾಚ್ ಕೂಡ ಇರುವ ವಾಚ್‌ಗಳಲ್ಲಿ, ಮೊದಲನೆಯದು ಇದೇ, 1983ರದ್ದು. 15 ಜ್ಯುವೆಲ್ (ಚಕ್ರಗಳ ತುದಿ ಸವೆಯದಂತೆ ಕೂರಿಸುವ ಸಣ್ಣ ಕಲ್ಲು) ಇರುವ ಲೋಹದ ಮೆಷಿನ್. ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮತ್ತೆ ಜೋಡಿಸಬಹುದು. ಕೆಟ್ಟರೆ ಬಿಸಾಡಲಿ ಅಂತ ಮಾಡಿದ್ದಲ್ಲ.

ಡಯಲ್ ಚೆನ್ನಾಗಿದೆ ಅಂತ ಮರುಳಾಗಬೇಡಿ. ಮೊದಲು ಹಿಂದಿನ ಮುಚ್ಚಳ ತೆಗೆಸಿ ನೋಡಿ. ಸೆಲ್ ಕೂರುವ ಜಾಗದಲ್ಲಿ ಬಿಳಿ ಅಥವಾ ಹಸಿರು ಪುಡಿ ಕಂಡರೆ ಸೆಲ್ ಸೋರಿದೆ ಅಂತ ಅರ್ಥ. ಸೆಲ್‌ಗೆ ತಾಗುವ ಲೋಹದ ಪಟ್ಟಿಯ ಮೇಲಷ್ಟೇ ಇದ್ದರೆ ಸ್ವಚ್ಛ ಮಾಡಬಹುದು. ಸರ್ಕ್ಯೂಟ್‌ವರೆಗೆ ಹರಡಿದ್ದರೆ ಬಿಟ್ಟುಬಿಡಿ.

ಆಮೇಲೆ ಮುಳ್ಳು ತಿರುಗಿಸುವ ಮೋಟರಿನ ಕಾಯಿಲ್. ತಾಮ್ರದ ಬಣ್ಣದ ಸಣ್ಣ ಸುರುಳಿ, ತಂತಿ ಕೂದಲಿಗಿಂತ ತೆಳು. ಸೆಲ್ ಬದಲಿಸುವಾಗ ಸ್ಕ್ರೂಡ್ರೈವರ್ ಸ್ವಲ್ಪ ಜಾರಿದರೂ ತುಂಡಾಗುತ್ತದೆ. ಎಷ್ಟೋ ಒಳ್ಳೆ ವಾಚ್‌ಗಳು ಸತ್ತಿರುವುದು ಹೀಗೆ. ಮಲ್ಟಿಮೀಟರ್ ಅನ್ನು ಓಮ್ಸ್‌ನಲ್ಲಿಟ್ಟು (ವಿದ್ಯುತ್ ರೋಧ ಅಳೆಯುವ ಸ್ಥಾನ) ಕಾಯಿಲ್‌ನ ಎರಡು ತುದಿಗೆ ಮುಟ್ಟಿಸಿ. ರೀಡಿಂಗ್ ಬಂದರೆ ಸಮಾಧಾನ, ಏನೂ ಬರದಿದ್ದರೆ ತಂತಿ ಕಡಿದಿದೆ. 7ಎ28ರಲ್ಲಿ ಒಂದಕ್ಕಿಂತ ಜಾಸ್ತಿ ಕಾಯಿಲ್ ಇವೆ, ಎಲ್ಲವನ್ನೂ ನೋಡಿ.

ಇವೆರಡೂ ಸರಿಯಿದ್ದು, ಹೊಸ ಸೆಲ್ ಹಾಕಿದರೂ ಮುಳ್ಳು ಇದ್ದಲ್ಲೇ ತುಡಿಯುತ್ತಿದ್ದರೆ ಬಹುಪಾಲು ಒಣಗಿದ ಎಣ್ಣೆಯ ಕೆಲಸ. ಕ್ವಾರ್ಟ್ಜ್ ಮೋಟರಿನ ಬಲ ತುಂಬಾ ಕಡಿಮೆ, ಸ್ವಲ್ಪ ಅಂಟಿದರೂ ಚಕ್ರ ತಿರುಗುವುದಿಲ್ಲ. ಸರ್ವಿಸ್ ಮಾಡಿಸಿದರೆ ಸಾಮಾನ್ಯವಾಗಿ ಓಡುತ್ತದೆ. ಇನ್ನೊಂದು, ಬಹಳಷ್ಟು ಮಾಡೆಲ್‌ಗಳಲ್ಲಿ ಸೆಕೆಂಡ್ ಮುಳ್ಳು ಎರಡೆರಡು ಸೆಕೆಂಡ್ ಹಾರುವುದು ದೋಷವಲ್ಲ. ಸೆಲ್ ಮುಗಿಯುತ್ತಿದೆ ಅನ್ನುವ ಸೂಚನೆ ಅಷ್ಟೇ.

ತಯಾರಾದ ವರ್ಷ ಮುಚ್ಚಳದ ಮೇಲಿನ ಸೀರಿಯಲ್ ನಂಬರ್‌ನಲ್ಲೇ ಇದೆ. ಮೊದಲ ಅಂಕಿ ವರ್ಷದ್ದು, ಎರಡನೆಯದು ತಿಂಗಳಿನದು. 43 ಅಂತ ಶುರುವಾದರೆ 1984ರ ಮಾರ್ಚ್. ದಶಕ ಬರೆದಿರುವುದಿಲ್ಲ, ಮಾಡೆಲ್ ನೋಡಿ ತಿಳಿಯಬೇಕು.

ಇನ್ನು 'ಸೆಲ್ ವಾಚಿನಲ್ಲಿ ಏನಿದೆ' ಅನ್ನುವ ಮಾತು. 1969ರ ಡಿಸೆಂಬರ್ 25ರಂದು ಬಂದ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಸೀಕೋ ಆಸ್ಟ್ರಾನ್‌ನಲ್ಲಿ ಸಮಯ ಅಳೆಯುವ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 8,192 ಸಲ ಕಂಪಿಸುತ್ತಿತ್ತು. ಈಗ ರೂಢಿಯಲ್ಲಿರುವುದು 32,768. ಅದನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸೆಕೆಂಡಿಗೆ ಒಂದೇ ಮಿಡಿತ ಉಳಿಯುತ್ತದೆ, ಮುಳ್ಳು ಒಂದು ಹೆಜ್ಜೆ ಇಡುತ್ತದೆ. 1975ರ ಸಿಟಿಜನ್ ಕ್ರಿಸ್ಟ್ರಾನ್ 4 ಮೆಗಾದಲ್ಲಂತೂ 41,94,304 ಕಂಪನ. ವರ್ಷಕ್ಕೆ ಮೂರು ಸೆಕೆಂಡಿಗಿಂತ ಹೆಚ್ಚು ತಪ್ಪುವುದಿಲ್ಲ ಅಂತ ಹೇಳಿ ಮಾರಿದ ವಾಚ್ ಅದು! ಇಂಥದ್ದನ್ನು ಸುಮ್ನೆ ಸೆಲ್ ವಾಚ್ ಅಂದರೆ ಅನ್ಯಾಯ ಅಲ್ವಾ?

ತೆಗೆದುಕೊಂಡರೆ, ಕಟ್ಟದೆ ಇಡುವಾಗ ಸೆಲ್ ತೆಗೆದೇ ಇಡಿ. ಸಮಯ ಹೊಂದಿಸುವ ಪಕ್ಕದ ಕೀ ಹೊರಗೆ ಎಳೆದಿಟ್ಟರೆ ಸೆಲ್ ಉಳಿಯುತ್ತದೆ ನಿಜ, ಆದರೆ ಸೋರುವ ಅಪಾಯ ತಪ್ಪುವುದಿಲ್ಲ. ದುಡ್ಡು ಕೊಡುವ ಮೊದಲು ಮುಚ್ಚಳ ತೆಗೆದ ಫೋಟೋ ಕೇಳಿ ಇಲ್ಲಿ ಹಾಕಿ. ಸೆಲ್ ಜಾಗ, ಕಾಯಿಲ್ ಎರಡೂ ಕಾಣುವ ಹಾಗಿರಲಿ, ನೋಡಿ ಹೇಳುತ್ತೇನೆ.